ನೂಲೆಳೆಯೂ ಹೋಗದ ಸಂದು

ಈಗ ಮುಧೋಳ, ಜಮಖಂಡಿ ಕಡೆ ಹೊಸ ಮನೆ ಕಟ್ಟಿಸುವವರಿಗೆಲ್ಲ ಅಂಗಳದ ಮರದ ಸುತ್ತ ಒಂದು ಹಲಗೆ ಕಟ್ಟೆ ಬೇಕು. ಮೊಬೈಲಿನಲ್ಲಿ ಚಿತ್ರ ತೋರಿಸಿ 'ಡೆಕ್' ಎನ್ನುತ್ತಾರೆ. ಹಲಗೆಯ ನಟ್ಟನಡುವೆ ಮರ ಎದ್ದು ನಿಂತಿರಬೇಕು, ಸುತ್ತ ಕುರ್ಚಿ ಹಾಕಿಕೊಂಡು ಚಹಾ ಕುಡಿಯಬೇಕು. ಈ ಕೆಲಸ ಹಿಡಿದ ತರುಣ ಬಡಿಗರು ಬನಹಟ್ಟಿಯ ನನ್ನ ಮನೆಗೆ ಬರುತ್ತಾರೆ. ಮೊಣಕಾಲು ಕೈಕೊಟ್ಟ ಮೇಲೆ ನಾನು ಉಳಿ ಕೆಳಗಿಟ್ಟಿದ್ದೇನೆ. ಆದರೂ ಬಂದು ಕೇಳುವುದು ಒಂದೇ ಮಾತು: "ಕಾಕಾ, ಗಿಡಕ್ಕೂ ಹಲಿಗಿಗೂ ನಡುವ ಎಷ್ಟ ಸಂದು ಬಿಡಬೇಕ್ರಿ?"

ಇಷ್ಟು ಚಿಕ್ಕ ಪ್ರಶ್ನೆಗೆ ಉತ್ತರ ಕಲಿಯಲು ನನಗೆ ಹದಿನಾಲ್ಕು ವರ್ಷ ಬೇಕಾಯಿತು. ಕಲಿತದ್ದು ನಾನು, ಪೆಟ್ಟು ತಿಂದವರು ಬೇರೆಯವರು. ಈ ಕಸುಬಿಗೆ ಬರುವವರು ಅದನ್ನೇ ಮೊದಲು ಓದಲಿ ಎಂದು ಬರೆಯುತ್ತಿದ್ದೇನೆ. ಶಾಲು ಹೊದಿಸಿಕೊಂಡ ಕೆಲಸಗಳೂ ಒಂದೆರಡಿದ್ದವು, ಅವುಗಳಿಂದ ಯಾರಿಗೂ ಏನೂ ಉಪಯೋಗವಿಲ್ಲ.

ನಾನು ಕಲಿತದ್ದು ಮಗ್ಗದ ಬಡಿಗತನ. ರಬಕವಿಯ ಈರಪ್ಪ ಮೇಸ್ತ್ರಿ ನನ್ನ ಗುರು. ಕುಳ್ಳಗೆ, ಕಪ್ಪಗೆ, ಸದಾ ಸಿಟ್ಟಿನಲ್ಲಿರುತ್ತಿದ್ದ ಮನುಷ್ಯ. ಮಗ್ಗದ ಚೌಕಟ್ಟಿನಲ್ಲಿ ಎರಡು ಕಟ್ಟಿಗೆ ಕೂಡುವ ಕಡೆ ಒಂದಕ್ಕೊಂದು ಕಚ್ಚಿಕೊಳ್ಳುವಂತೆ ಕೆತ್ತುತ್ತೇವೆ, ಅದಕ್ಕೆ ಕಚ್ಚು ಎನ್ನುತ್ತೇವೆ. ನಾನು ಕಚ್ಚು ಕೂಡಿಸಿ ಮುಗಿಸಿದೆ ಎಂದ ಕೂಡಲೇ ಈರಪ್ಪ ಮೇಸ್ತ್ರಿ ಪಕ್ಕದ ನೇಕಾರರ ಮನೆಯಿಂದ ಒಂದು ನೂಲೆಳೆ ತರುತ್ತಿದ್ದರು. ಅದನ್ನು ಕಚ್ಚಿನ ಸಂದಿಗೆ ಹಿಡಿದು ಮೆಲ್ಲಗೆ ಎಳೆಯುತ್ತಿದ್ದರು. ನೂಲು ಒಳಗೆ ಹೋಯಿತೋ, ಮುಗಿಯಿತು. ಕೊಡತಿ ತಗೊಂಡು ಒಂದೇ ಏಟಿಗೆ ಕಚ್ಚು ಬಿಚ್ಚಿ ನನ್ನ ಕಾಲ ಬುಡಕ್ಕೆ ಒಗೆಯುತ್ತಿದ್ದರು.

"ಇಲ್ಲೆ ನೂಲ ಹೊಕ್ಕರ ಮಗ್ಗ ಅಳ್ಳಾಡತೈತಿ ಲೇ. ಮಗ್ಗ ಅಳ್ಳಾಡಿದರ ಅತ್ತಿತ್ತ ಓಡೂ ಲಾಳಿ ಹೊರಗ ಜಿಗೀತೈತಿ. ಲಾಳಿ ಜಿಗದು ಯಾರದರ ಕಣ್ಣಿಗೆ ಬಡದರ ನಿಮ್ಮಪ್ಪ ಬರ್ತಾನೇನ ಕಣ್ಣ ಕೊಡಾಕ?"

ಮೂರು ವರ್ಷ ಇದೇ ಪಾಠ. ಕೊನೆಗೆ ಕಣ್ಣು ಮುಚ್ಚಿ ಕೂಡಿಸಿದರೂ ನನ್ನ ಕಚ್ಚಿನಲ್ಲಿ ನೂಲು ಹೋಗುತ್ತಿರಲಿಲ್ಲ. ಅವರು ಒಮ್ಮೆಯೂ ಭೇಷ್ ಎನ್ನಲಿಲ್ಲ. ನೂಲು ತರುವುದನ್ನು ನಿಲ್ಲಿಸಿದರು, ಅಷ್ಟೆ. ನನಗೆ ಅದೇ ದೊಡ್ಡ ಬಹುಮಾನ ಆಗಿತ್ತು.

ಆಮೇಲೆ ಪವರ್‌ಲೂಮು ಬಂತು, ಕಬ್ಬಿಣ ಬಂತು, ಕಟ್ಟಿಗೆ ಮಗ್ಗ ಮಾಡಿಸುವವರು ಕಡಿಮೆಯಾದರು. ಕಿಟಕಿ, ಬಾಗಿಲು, ದೇವರ ಮಾಡ ಅಂತ ಏನೇನೋ ಮಾಡಿದೆ. ಪ್ಲೈವುಡ್ ಬಂದಾಗ ನನ್ನಂಥವರು ಸಿಟ್ಟಿನಿಂದ ಮೂಗು ಮುರಿದೆವು, ಆಮೇಲೆ ಬಾಯಿ ಮುಚ್ಚಿಕೊಂಡು ಅದನ್ನೇ ಕೊಯ್ದೆವು.

ಮೊದಲ ಹಲಗೆ ಕಟ್ಟೆ ಮಾಡಿದ್ದು ಮುಧೋಳದಲ್ಲಿ, ಬಸಣ್ಣ ಎಂಬುವರ ಖಾನಾವಳಿಗೆ. ಅವರ ಅಂಗಳದಲ್ಲಿ ಒಂದು ಗುಲ್‌ಮೊಹರ ಮರ ಇತ್ತು. ಅದರ ಸುತ್ತ ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಸಾಗವಾನಿ ಹಲಗೆ ಹಾಸಿ, ಊಟಕ್ಕೆ ಕೂರಿಸಬೇಕು ಎಂದರು. ಮರದ ಬೊಡ್ಡೆ ನೆಟ್ಟಗೆ ದುಂಡಗೆ ಇರುವುದಿಲ್ಲ, ಅಲ್ಲಲ್ಲಿ ಉಬ್ಬು ತಗ್ಗು. ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದ ಕತ್ತರಿಸಿ, ಬೊಡ್ಡೆಗೆ ಹಿಡಿದು ಹಿಡಿದು ಅದರ ಆಕಾರ ತೆಗೆದೆ. ಅದನ್ನು ಹಲಗೆಯ ಮೇಲಿಟ್ಟು ಗುರುತು ಹಾಕಿ ಕೊರೆದೆ. ಹಲಗೆ ಮರಕ್ಕೆ ಕೂತ ಬಗೆ ನೋಡಿ ನನಗೇ ಮೈ ಝುಮ್ ಅಂದಿತು. ನೂಲೆಳೆಯೂ ಹೋಗದ ಹಾಗೆ ಕೂತಿತ್ತು. ಜನ ಬಂದು ಫೋಟೊ ತೆಗೆದರು. ಮರವೇ ಹಲಗೆಯಿಂದ ಹುಟ್ಟಿದಂತಿದೆ ಎಂದರು. ಆ ದಿನ ಈರಪ್ಪ ಮೇಸ್ತ್ರಿ ಬದುಕಿರಬೇಕಿತ್ತು ಎಂದು ಬಹಳ ಅನಿಸಿತು.

ಮುಂಗಾರಿನ ಮೊದಲ ಗಾಳಿ ಬೀಸಿದ ಮಧ್ಯಾಹ್ನ ನಾನು ಅಲ್ಲೇ ಊಟಕ್ಕೆ ಕೂತಿದ್ದೆ. ಮರ ಒಮ್ಮೆ ತೂಗಿತು. ಕೆಳಗಿಂದ ಪಟಾಕಿ ಸಿಡಿದ ಹಾಗೆ ಸಪ್ಪಳ. ನನ್ನ ಕಣ್ಣೆದುರೇ ಹಲಗೆ ಈ ತುದಿಯಿಂದ ಆ ತುದಿಗೆ ಸೀಳಿತು. ಊಟಕ್ಕೆ ಕೂತವರು ರೊಟ್ಟಿಯ ತಾಟು ಹಿಡಿದುಕೊಂಡೇ ಓಡಿದರು. ಒಬ್ಬರಂತೂ ಭೂಕಂಪ ಎಂದು ಕೂಗುತ್ತ ರಸ್ತೆಗೇ ಹೋಗಿ ನಿಂತರು. ನನಗೆ ಎದ್ದು ನಿಲ್ಲುವುದಕ್ಕೂ ತೋಚಲಿಲ್ಲ, ಕೈಯಲ್ಲಿದ್ದ ತುತ್ತು ಕೈಯಲ್ಲೇ ಇತ್ತು.

"ಬಡಿಗ್ಯಾರ, ಗಿಡಾ ಅಳ್ಳಾಡತೈತಿ ಅಂತ ನಿಮಗ ಗೊತ್ತಿರಲಿಲ್ಲೇನ್ರಿ?" ಎಂದು ಬಸಣ್ಣ ಕೇಳಿದರು. ಅವರು ಸಿಟ್ಟು ಮಾಡಿರಲಿಲ್ಲ, ನಿಜವಾಗಿ ಕೇಳಿದ್ದರು. ಅದೇ ನನಗೆ ಹೆಚ್ಚು ಚುಚ್ಚಿತು.

ಬುದ್ಧಿ ಇದ್ದವನಾಗಿದ್ದರೆ ಅಲ್ಲಿಯೇ ಸಂದು ಬಿಡಬೇಕಿತ್ತು. ನನ್ನ ತಲೆಯಲ್ಲಿ ಕೂತಿದ್ದು ಬೇರೆ: ಅಳ್ಳಾಡುವುದನ್ನು ಬಿಗಿ ಮಾಡುವುದೇ ಬಡಿಗನ ಕೆಲಸ. ಕಮ್ಮಾರನ ಹತ್ತಿರ ಎರಡು ಬೆರಳು ಅಗಲದ ಕಬ್ಬಿಣದ ಪಟ್ಟಿ ಬಾಗಿಸಿಕೊಂಡು ಬಂದೆ. ಹಲಗೆಯ ಕೆಳಗೆ, ಕಣ್ಣಿಗೆ ಕಾಣದ ಹಾಗೆ ಅದನ್ನು ಬೊಡ್ಡೆಗೆ ಸುತ್ತಿ, ಪಾನಾ ಹಚ್ಚಿ ಬೋಲ್ಟು ಬಿಗಿದೆ. ಕಟ್ಟೆಯ ಚೌಕಟ್ಟನ್ನು ಆ ಪಟ್ಟಿಗೇ ಕೂಡಿಸಿದೆ. "ಇನ್ನ ಗಿಡಾ ಎಲ್ಲಿ ಅಳ್ಳಾಡತೈತಿ, ನಾ ಹಿಡಕೊಂಡ ಕುಂತೇನಲ್ಲ" ಎಂದು ಬಸಣ್ಣಗೆ ಜಂಬದಿಂದ ಹೇಳಿದೆ. ಮುಂದಿನ ವರ್ಷದ ಗಾಳಿಗೆ ಒಂದು ಹಲಗೆಯೂ ಸೀಳಲಿಲ್ಲ. ನನ್ನ ಹೆಸರು ಹಬ್ಬಿತು. ಜಮಖಂಡಿ, ಬೀಳಗಿ, ಅನಗವಾಡಿ ಅಂತ ಸುತ್ತಿ ಒಟ್ಟು ಒಂಬತ್ತು ಕಟ್ಟೆ ಮಾಡಿದೆ. ಒಂಬತ್ತಕ್ಕೂ ಪಟ್ಟಿ.

ಆರನೆಯದು ರಬಕವಿಯ ಗಂಗವ್ವನ ಮನೆಯದು.

ಗಂಗವ್ವ ಕೈಮಗ್ಗದ ನೇಕಾರ್ತಿ, ನನಗಿಂತ ಐದಾರು ವರ್ಷಕ್ಕೆ ಚಿಕ್ಕವಳು. ಗಂಡ ತೀರಿದ ಮೇಲೆ ಮಗಳು ಮಹಾನಂದಾಳನ್ನು ಮಗ್ಗದ ಮೇಲೇ ಸಾಕಿದಾಕೆ. ಅಂಗಳದಲ್ಲಿ ಒಂದು ಬೇವಿನ ಮರ. ಮಹಾನಂದಾ ಹುಟ್ಟಿದ ವರ್ಷ ಹಚ್ಚಿದ್ದು. ಓಣಿಯ ಐದಾರು ಹೆಣ್ಣುಮಕ್ಕಳು ಆ ನೆರಳಲ್ಲಿ ರಾಟಿ ಇಟ್ಟುಕೊಂಡು ಕಂಡಿಕೆ ಸುತ್ತುತ್ತಿದ್ದರು. ಕಂಡಿಕೆ ಅಂದರೆ ಲಾಳಿಯೊಳಗೆ ಇಡುವ ನೂಲಿನ ಚಿಕ್ಕ ಉರುಳೆ. ಮಳೆ ಬಂದರೆ ಅಂಗಳ ಕೆಸರು, ಬಿಳಿ ನೂಲಿಗೆ ಕಲೆ. ಕಲ್ಲಿನ ಕಟ್ಟೆ ಮಾಡಿದರೆ ಬೇಸಿಗೆಯಲ್ಲಿ ಕಾದು ಕೂರಲಾಗದು. ಅದಕ್ಕೆ ಹಲಗೆಯದೇ ಬೇಕೆಂದಳು.

ನಾನು ಬೊಡ್ಡೆಗೆ ಲಗ್ನಪತ್ರಿಕೆ ಹಿಡಿಯುತ್ತಿದ್ದಾಗ ಬಂದು ನಿಂತಳು.

"ಬಡಿಗ್ಯಾರ, ಒಂಚೂರು ಸಡ್ಲ ಬಿಡ್ರಿ. ಗಿಡಾ ಬೆಳೀತೈತಿ."

"ಯಾರ ಹೇಳಿದ್ರ ಬೇ ನಿನಗ?"

"ನೂಲ ಹೇಳೇತಿ."

ಒಳಗೆ ಹೋಗಿ ಒಂದು ಡಬ್ಬಿ ತಂದಳು. ಅದರ ತುಂಬ ಸುತ್ತಿಟ್ಟ ಬಿಳಿ ನೂಲೆಳೆಗಳು. ಪ್ರತಿ ವರ್ಷ ನಾಗರ ಪಂಚಮಿಗೆ, ಮರಕ್ಕೆ ಜೋಕಾಲಿ ಕಟ್ಟುವ ಮುಂಚೆ, ಬೊಡ್ಡೆಯ ಸುತ್ತ ಎದೆಮಟ್ಟಕ್ಕೆ ಒಂದು ಎಳೆ ಸುತ್ತಿ, ಸರಿಯಾಗಿ ಕತ್ತರಿಸಿ ಎತ್ತಿಡುತ್ತಿದ್ದಳಂತೆ. ಒಂದೊಂದನ್ನೇ ಬಿಚ್ಚಿ ತೋರಿಸಿದಳು. "ಇದ ನಮ್ಮ ಮಹಾನಂದಾ ಸಾಲಿಗೆ ಹೋದ ವರ್ಷದ್ದು. ಇದ ಆಕಿ ಲಗ್ನದ ವರ್ಷದ್ದು. ನೋಡ್ರಿ, ಎಷ್ಟ ಉದ್ದ ಆಗೇತಿ."

ನಾನು ಏನು ಹೇಳಿದೆ ಎಂಬುದನ್ನು ಬರೆಯಲು ಈಗಲೂ ನಾಚಿಕೆ. "ಇಷ್ಟ ದಪ್ಪ ಆದಮ್ಯಾಲೆ ಗಿಡಾ ಇನ್ನೆಲ್ಲಿ ಬೆಳೀತೈತಿ ಬೇ? ನೀ ಸೀರಿ ನೇಯಿ, ಕಟ್ಟಿಗಿ ನಾ ನೋಡ್ತೇನಿ" ಎಂದೆ. ಸುತ್ತ ಕೂತ ಹೆಂಗಸರು ನಕ್ಕರು. ಗಂಗವ್ವನೂ ನಕ್ಕು ಡಬ್ಬಿ ಮುಚ್ಚಿದಳು.

ಕಟ್ಟೆ ಆಯಿತು. ಹೆಂಗಸರು ಒಣ ಹಲಗೆಯ ಮೇಲೆ ರಾಟಿ ಇಟ್ಟುಕೊಂಡು ಕೂತರು. ನಾನು ಆ ಓಣಿಯಲ್ಲಿ ಹಾದರೆ ಚಹಾ ಕುಡಿಯದೆ ಬಿಡುತ್ತಿರಲಿಲ್ಲ. ಹೀಗೇ ಏಳು ವರ್ಷ ಕಳೆಯಿತು.

ಆ ವರ್ಷ ಪಂಚಮಿಗೆ ಮಹಾನಂದಾ ಗಂಡನ ಮನೆಯಿಂದ ತವರಿಗೆ ಬಂದಿದ್ದಳು. ಅಮ್ಮನ ಹಾಗೇ ನೇಯುವ ಕೈ. ಬೇವಿನ ಮರದ ದಪ್ಪ ಟೊಂಗೆಗೆ ಹಗ್ಗ ಹಾಕಿದ್ದರು, ಅದು ಭಾರ ತಡೆಯುವಷ್ಟು ಬಲಿತಾಗಿನಿಂದ ಅದಕ್ಕೇ ಹಾಕುತ್ತಿದ್ದದ್ದು. ನಿಂತು ಜೀಕಿದಳು. ಎರಡನೆಯ ಜೀಕಿಗೆ ಟೊಂಗೆ ಬುಡದಿಂದ ಮುರಿದು, ಹಗ್ಗ, ಟೊಂಗೆ, ಹುಡುಗಿ ಎಲ್ಲ ಸೇರಿ ಕಟ್ಟೆಯ ಅಂಚಿಗೆ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು.

ಸುದ್ದಿ ಕೇಳಿ ಓಡಿದೆ. ನಾನು ಹೋಗುವಷ್ಟರಲ್ಲಿ ಕೈಗೆ ಪಟ್ಟಿ ಹಾಕಿಸಿಕೊಂಡು ಬಂದಿದ್ದಳು. ಮುಖ ಬಿಳಿಚಿಕೊಂಡಿತ್ತು. ಹಿರಿಯನೆಂಬ ಸೊಕ್ಕು ನೋಡಿ, ನಾನು ಮೊದಲು ಬೈದದ್ದು ಅವಳನ್ನೇ.

"ಇಬ್ಬಿಬ್ಬರ ಏರಿದರ ಟೊಂಗಿ ತಡೀತೈತೇನ?"

"ನಾ ಒಬ್ಬಾಕೇ ಇದ್ದೆ ಕಾಕಾ" ಎಂದಳು, ನೋವಿನಲ್ಲೂ ಮೆಲ್ಲಗೆ.

ಅಂಗಳದಲ್ಲಿ ಬಿದ್ದ ಟೊಂಗೆಯನ್ನು ಸುಮ್ಮನೆ ಕೈಯಲ್ಲಿ ಹಿಡಿದೆ. ಜೀವನವಿಡೀ ಕಟ್ಟಿಗೆ ಮುಟ್ಟಿದ ಕೈ, ಅದಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ಮುರಿದ ಬುಡ ಒಳಗೆ ಕಂದಾಗಿತ್ತು, ಒಂದು ಹನಿ ಹಸಿ ಇರಲಿಲ್ಲ. ಶ್ರಾವಣದಲ್ಲಿ ಬೇವಿನ ಟೊಂಗೆ ಒಣಗಿರಬೇಕೆಂದರೆ ಏನರ್ಥ? ತಲೆ ಎತ್ತಿ ನೋಡಿದೆ. ಅದೇ ಬದಿಯ ಉಳಿದ ಟೊಂಗೆಗಳ ಎಲೆ ಸಣ್ಣ, ಹಳದಿ. ವರ್ಷಕ್ಕೆ ಹತ್ತು ಸಲ ಬಂದು ಚಹಾ ಕುಡಿದು ಹೋದ ನಾನು ಒಮ್ಮೆಯೂ ತಲೆ ಎತ್ತಿ ನೋಡಿರಲಿಲ್ಲ. ನೋಡುತ್ತಿದ್ದದ್ದು ನನ್ನ ಹಲಗೆಗಳನ್ನು.

ಮೊಬೈಲಿನ ಬ್ಯಾಟರಿ ಹಚ್ಚಿಕೊಂಡು ಕಟ್ಟೆಯ ಕೆಳಗೆ ಹೊಟ್ಟೆಯ ಮೇಲೆ ತೆವಳಿದೆ.

ನಾನು ಹಾಕಿದ ಕಬ್ಬಿಣದ ಪಟ್ಟಿ ಕಾಣಲಿಲ್ಲ. ಕಳಚಿ ಬಿದ್ದಿರಬೇಕೆಂದು ನೆಲ ತಡಕಿದೆ. ಆಮೇಲೆ ಬೊಡ್ಡೆಯ ಮೇಲೆ ಕೈ ಆಡಿಸಿದಾಗ ಗೊತ್ತಾಯಿತು, ಪಟ್ಟಿ ಮರದೊಳಗಿದೆ. ಏಳು ವರ್ಷ ಬೆಳೆಯಲು ಹೆಣಗಿದ ಮೈ ಕಬ್ಬಿಣದ ಮೇಲೂ ಕೆಳಗೂ ಉಕ್ಕಿ ಬಂದು ಅದನ್ನು ಮುಕ್ಕಾಲು ನುಂಗಿತ್ತು. ಪಟ್ಟಿಯ ಮೇಲ್ಭಾಗ ಬಾವು ಬಂದ ಕಾಲಿನ ಹಾಗೆ ದಪ್ಪ, ಕೆಳಭಾಗ ಸಣ್ಣ. ಒಂದು ಕಡೆ ತೊಗಟೆ ಸತ್ತು ಕೈಯಲ್ಲೇ ಕಿತ್ತು ಬಂತು. ಬೋಲ್ಟಿನ ತಲೆ ಮಾತ್ರ ಹೊರಗೆ ಮಿಣುಕುತ್ತಿತ್ತು. ಆ ಮರದ ಕುತ್ತಿಗೆಗೆ ಹಗ್ಗ ಬಿಗಿದು, ಅದರ ಮುಂದೆ ಕೂತು ಏಳು ವರ್ಷ ಚಹಾ ಕುಡಿದಿದ್ದೆ.

ಎಷ್ಟು ಹೊತ್ತು ಅಲ್ಲಿ ಬಿದ್ದಿದ್ದೆನೋ. ಒಂದು ಮಾತು ಮುಚ್ಚಿಡದೆ ಹೇಳುತ್ತೇನೆ: ಯಾರೂ ನೋಡಿಲ್ಲ, ಸುಮ್ಮನೆ ಹೊರಗೆ ಬಂದು 'ಟೊಂಗಿಗೆ ಹುಳ ಬಿದ್ದೈತಿ' ಅಂದರೆ ಆಯಿತು ಎಂಬ ವಿಚಾರ ನನಗೆ ಬಂತು. ಹೇಳುವ ಮಾತನ್ನು ಬಾಯಲ್ಲಿ ಸಿದ್ಧ ಕೂಡ ಮಾಡಿಕೊಂಡೆ. ಅಷ್ಟರಲ್ಲಿ ಮೇಲೆ ಹಲಗೆಯ ಮೇಲೆ ಮಹಾನಂದಾ ಅಮ್ಮನಿಗೆ ಹೇಳುತ್ತಿದ್ದುದು ಕೇಳಿಸಿತು: "ಕಾಕಾಗ ಬ್ಯಾಸರ ಆಗಿರಬೇಕ ಬಿಡವ್ವಾ, ಪಾಪ. ಕಟ್ಟಿ ಕೆಟ್ಟೈತೇನ ಅಂತ ನೋಡಾಕತ್ತಾರ."

ಹೊರಗೆ ಬಂದೆ. ಅಂಗಿಯ ಮಣ್ಣು ಝಾಡಿಸಲೂ ಇಲ್ಲ. "ಗಂಗವ್ವಾ, ಹುಡುಗಿ ಕೈ ಮುರದಾಂವ ನಾನ. ನಿನ್ನ ಗಿಡದ ಕುತಿಗಿ ಹಿಚಿಕೇನಿ" ಎಂದು ಕಂಡದ್ದೆಲ್ಲ ಹೇಳಿದೆ.

ಬೈಯಲಿ ಎಂದು ಕಾದೆ. ಅವಳು ಬೈಯಲಿಲ್ಲ. ಒಳಗೆ ಹೋಗಿ ಆ ಡಬ್ಬಿ ತಂದಳು. ಮೂರು ಎಳೆ ತೆಗೆದು, ಹಲಗೆಯ ಮೇಲೆ ಪಕ್ಕಪಕ್ಕ ಚಾಚಿದಳು. ಮೂರೂ ಒಂದೇ ಉದ್ದ.

"ಮೂರ ವರ್ಷ ಆತ್ರಿ ಬಡಿಗ್ಯಾರ, ಎಳಿ ಬೆಳದಿಲ್ಲ. ನಂಗ ವಯಸ್ಸಾದಂಗ ಗಿಡಕ್ಕೂ ಆತು ಅನಕೊಂಡೆ. ನಿಮ್ಮ ಕೆಲಸದ ಮ್ಯಾಲೆ ಸಂಶೇನ ಬರಲಿಲ್ಲ."

ಈರಪ್ಪ ಮೇಸ್ತ್ರಿಯ ಕೊಡತಿ ಏಟು ಕೂಡ ಹೀಗೆ ಬಿದ್ದಿರಲಿಲ್ಲ. ಆ ಮೂರು ಎಳೆ ನೋಡುತ್ತ ನನಗೆ ಒಂದು ಮಾತು ಹೊಳೆಯಿತು. ಗುರುಗಳು ಕಲಿಸಿದ್ದು ಸರಿಯೇ ಇತ್ತು, ಆದರೆ ಅದು ಕಡಿದು ತಂದ ಕಟ್ಟಿಗೆಯ ಪಾಠ. ಬದುಕಿದ ಮರಕ್ಕೆ ಅದನ್ನು ಹಚ್ಚಿದವನು ನಾನು.

ಎರಡು ದಿನ ಕಟ್ಟೆಯ ಕೆಳಗೇ ಕಳೆದೆ. ಪಟ್ಟಿಯನ್ನು ಎಳೆದರೆ ಉಳಿದ ತೊಗಟೆಯೂ ಕಿತ್ತು ಬರುತ್ತಿತ್ತು. ಹಾಗಾಗಿ ಕಬ್ಬಿಣ ಕೊಯ್ಯುವ ಗರಗಸದಿಂದ ನಾಲ್ಕು ತುಂಡು ಮಾಡಿ, ಸಡಿಲವಾಗಿ ಬಂದದ್ದನ್ನು ತೆಗೆದೆ. ಒಂದು ತುಂಡು ಬರಲೇ ಇಲ್ಲ, ಇವತ್ತಿಗೂ ಮರದೊಳಗಿದೆ. ಮೇಲೆ ಹಲಗೆಗಳನ್ನು ಬೊಡ್ಡೆಯಿಂದ ಸುತ್ತಲೂ ಒಂದು ಗೇಣು ಹಿಂದಕ್ಕೆ ಕತ್ತರಿಸಿದೆ. ಲಗ್ನಪತ್ರಿಕೆ ಹಿಡಿದು ಕೂದಲೆಳೆ ತಪ್ಪದ ಹಾಗೆ ತೆಗೆದ ಆಕಾರವನ್ನು ನನ್ನ ಕೈಯಾರೆ ಹಾಳು ಮಾಡಿದೆ. ನನ್ನ ಮೊಣಕಾಲು ಹೋದದ್ದು ಆ ಎರಡು ದಿನದಲ್ಲಿ. ಸಂದಿನಲ್ಲಿ ಕಂಡಿಕೆ ಉರುಳಿ ಬೀಳುತ್ತವೆ ಎಂದು ಹೆಂಗಸರು ಗೊಣಗಿದಾಗ, ಗಂಗವ್ವ ಒಂದು ಹಳೇ ಸೀರೆಯನ್ನು ಸಡಿಲವಾಗಿ ಮಡಚಿ ಸುತ್ತಲೂ ತುರುಕಿದಳು. ಮರಕ್ಕೂ ಹಿತ, ಕಂಡಿಕೆಯೂ ಬೀಳುವುದಿಲ್ಲ. ಇಷ್ಟು ಸರಳ ಉಪಾಯ ನನಗೆ ಹೊಳೆದಿರಲಿಲ್ಲ.

ಉಳಿದ ಎಂಟು ಕಡೆ ಹೋಗಬೇಕಿತ್ತು. ಗರಗಸ, ಪಾನಾ ಚೀಲದಲ್ಲಿ ಹಾಕಿಕೊಂಡು, ಕುಂಟುತ್ತ, ಬಸ್ಸು ಹತ್ತಿ ಒಂದೊಂದೇ ಊರು ಸುತ್ತಿದೆ. ಬಸಣ್ಣನ ಗುಲ್‌ಮೊಹರಕ್ಕೆ ಕೊರಳ ಸುತ್ತ ಕಪ್ಪು ಗಾಯ ಆಗಿತ್ತು, ಜೀವ ಇತ್ತು. ಜಮಖಂಡಿಯ ಒಬ್ಬ ಯಜಮಾನರು ಕೊಯ್ಯಲು ಬಿಡಲೇ ಇಲ್ಲ. "ಛಂದ ಐತಿ, ಯಾಕ ಕೆಡಸಾಕ ಬಂದೀರಿ? ನಿಮಗ ವಯಸ್ಸಾಗೇತಿ, ಮನ್ಯಾಗ ಕುಂದರ್ರಿ" ಎಂದರು. ಮೂರು ಸಲ ಹೋದೆ. ಮೂರನೆಯ ಸಲ ಅವರ ಮುಂದೆಯೇ ಒಂದು ಹಲಗೆ ಎತ್ತಿ, ಬೊಡ್ಡೆ ಕಚ್ಚಿದ ಪಟ್ಟಿ ತೋರಿಸಿದೆ. ಅವರು ತಾವೇ ಗರಗಸ ಹಿಡಿದರು.

ಕೊನೆಗೆ ಅನಗವಾಡಿ. ಹೊಳೆಯ ದಂಡೆಯ ಹೊಲದ ಮನೆ. ಅಲ್ಲಿ ಒಂದು ಹೊಂಗೆ ಮರದ ಸುತ್ತ ಕಟ್ಟೆ ಮಾಡಿದ್ದೆ. ದೂರದಿಂದಲೇ ಕಟ್ಟೆ ಕಂಡಿತು, ಎಣ್ಣೆ ಹಚ್ಚಿ ಮಿಂಚುತ್ತಿತ್ತು. ಮರ ಕಾಣಲಿಲ್ಲ. ದಾರಿ ತಪ್ಪಿತೇನೋ ಎಂದುಕೊಂಡೆ. ಹತ್ತಿರ ಹೋದೆ. ಕಟ್ಟೆಯ ನಡುವೆ ನಾನು ಕೊರೆದ ಆ ಆಕಾರ, ಉಬ್ಬು ತಗ್ಗು ಸಮೇತ, ಹಾಗೇ ಇತ್ತು. ಅದರಲ್ಲಿ ದೊಡ್ಡದೊಂದು ಬಣ್ಣದ ಛತ್ರಿಯ ಕೋಲು ನಿಲ್ಲಿಸಿದ್ದರು.

ಮನೆಯವರು ನಗುನಗುತ್ತ ಬಂದರು. "ಬರ್ರಿ ಬರ್ರಿ ಬಡಿಗ್ಯಾರ! ಗಿಡಾ ಒಣಗಿ ಹೋತ್ರಿ, ಹ್ವಾದ ವರ್ಷ ಕಡಸಿದ್ವಿ. ಆದರ ನಿಮ್ಮ ಕೆಲಸ ನೋಡ್ರಿ, ಒಂದ ಹಲಿಗಿ ಅಳ್ಳಾಡಿಲ್ಲ!"

ಜೀವನದಲ್ಲಿ ಬಹಳ ಜನ ನನ್ನ ಕೆಲಸ ಹೊಗಳಿದ್ದಾರೆ. ಅಂಥ ಹೊಗಳಿಕೆ ಶತ್ರುವಿಗೂ ಬೇಡ. ಅವರು ಕೊಟ್ಟ ಚಹಾ ಹಾಗೇ ಕೆಳಗಿಟ್ಟೆ. ಮರ ಒಣಗಿದ ಕಾರಣ ಅವರಿಗೂ ಹೇಳಿದೆ. ಅವರು ಬಗ್ಗಿ ಆ ತೂತನ್ನು ನೋಡಿದರು. ಚೀಲದಲ್ಲಿದ್ದ ಗರಗಸವನ್ನು ಹೊರಗೆ ತೆಗೆಯುವ ಕೆಲಸವೇ ಇರಲಿಲ್ಲ, ಹಾಗೇ ಬಸ್ಸು ಹತ್ತಿದೆ. ಅದಾದ ಮೇಲೆ ನಾನು ಹೊಸ ಕೆಲಸ ಹಿಡಿಯಲಿಲ್ಲ.

ಮುಂದಿನ ಪಂಚಮಿಗೆ ಗಂಗವ್ವ ಹೇಳಿಕಳಿಸಿದಳು. ಹೋಗಲು ಧೈರ್ಯ ಇರಲಿಲ್ಲ, ಆದರೂ ಹೋದೆ. ಬೇವು ಅರ್ಧ ಬದಿ ಬೋಳು, ಅರ್ಧ ಬದಿ ಕಡುಹಸಿರು. ಒಣ ಬದಿಯ ಬುಡದಲ್ಲಿ ಎರಡು ಚಿಗುರು ಎದ್ದಿದ್ದವು. ಆ ವರ್ಷ ಜೋಕಾಲಿಯನ್ನು ಮನೆಯ ತೊಲೆಗೆ ಕಟ್ಟಿದ್ದರು. ಮಹಾನಂದಾ ಕಟ್ಟೆಯ ಮೇಲೆ ಕೂತು ಕಂಡಿಕೆ ಸುತ್ತುತ್ತಿದ್ದಳು. ಬಲಗೈ ಮಣಿಕಟ್ಟು ಸೊಟ್ಟಗೆ ಕೂಡಿತ್ತು, ಅದು ತಿರುಗುವುದಿಲ್ಲ. ರಾಟಿಯನ್ನು ಎಡಗೈಯಿಂದ ತಿರುಗಿಸುತ್ತಿದ್ದಳು. ನೂಲು ಎರಡು ಸಲ ಹರಿಯಿತು. ನನ್ನನ್ನು ನೋಡಿ, "ರೂಢಿ ಆಗತೈತ ಬಿಡ್ರಿ ಕಾಕಾ" ಎಂದಳು. ನನಗೆ ತಲೆ ಎತ್ತಲಾಗಲಿಲ್ಲ.

ಗಂಗವ್ವ ನೂಲಿನ ಒಂದು ತುದಿ ನನ್ನ ಕೈಗೆ ಕೊಟ್ಟಳು. ತಾನು ಇನ್ನೊಂದು ತುದಿ ಹಿಡಿದು ಬೊಡ್ಡೆ ಸುತ್ತಿ ಬಂದಳು. ಕತ್ತರಿಸಿ, ಹಿಂದಿನ ವರ್ಷದ ಎಳೆಯ ಪಕ್ಕ ಇಟ್ಟಳು. ಹೊಸದು ಅರ್ಧ ಬೆರಳು ಹೆಚ್ಚು ಉದ್ದ ಇತ್ತು. ನನ್ನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

ಹೊಸ ಎಳೆಯನ್ನು ಡಬ್ಬಿಯಲ್ಲಿಟ್ಟು, ಮೂರು ಹಳೇ ಎಳೆಗಳಲ್ಲಿ ಒಂದನ್ನು ತೆಗೆದು ನನ್ನ ಕೈಗಿಟ್ಟಳು. "ಇದ ನಿಮ್ಮ ಹತ್ರ ಇರಲಿ" ಎಂದಳು.

ಅದು ನನ್ನ ಉಳಿಯ ಪೆಟ್ಟಿಗೆಯಲ್ಲಿದೆ. ತರುಣರು ಬಂದು ಎಷ್ಟು ಸಂದು ಬಿಡಬೇಕೆಂದು ಕೇಳಿದರೆ, ಮೊದಲು ತಿಳಿಯಬೇಕಾದದ್ದೆಲ್ಲ ಹೇಳುತ್ತೇನೆ: ಸುತ್ತಲೂ ಒಂದು ಗೇಣು ಬಿಡಿ, ಮರಕ್ಕೆ ಏನನ್ನೂ ಬಿಗಿಯಬೇಡಿ, ಬೊಡ್ಡೆಯ ಹತ್ತಿರದ ಹಲಗೆಗೆ ಮೊಳೆ ಹೊಡೆಯದೆ ಸ್ಕ್ರೂ ಹಾಕಿ, ಎರಡು ವರ್ಷಕ್ಕೊಮ್ಮೆ ನೀವೇ ಹೋಗಿ ಬಿಚ್ಚಿ ನೋಡಿ. ಅವರು ತಲೆಯಾಡಿಸುತ್ತಾರೆ. ಆಗ ಪೆಟ್ಟಿಗೆ ತೆರೆದು ಆ ಎಳೆಯನ್ನು ಅವರ ಕೈಗೆ ಕೊಡುತ್ತೇನೆ.

"ಇದ ಯಾವ ಅಳತಿ ಕಾಕಾ?" ಎಂದು ಕೇಳುತ್ತಾರೆ.

"ಗಿಡಾ ಬೆಳೀಲಾರದ ವರ್ಷದ್ದು" ಎನ್ನುತ್ತೇನೆ. "ನನ್ನ ಕೈಯಿಂದ ಆದದ್ದು."